ಯಾಂತ್ರೀಕೃತ ಮೀನುಗಾರಿಕಾ ಬೋಟುಗಳು: ಸ್ಟರ್ನ್ ಟ್ಯೂಬಿನ ಸವೆದ ಸೀಲ್ ಮತ್ತು ಬೇರಿಂಗ್‌ಗಳ ಬದಲಾವಣೆ

ಕರಾವಳಿಯ ಯಾಂತ್ರೀಕೃತ ಮೀನುಗಾರಿಕಾ ಬೋಟುಗಳಲ್ಲಿ ಎಂಜಿನ್ ಬೋಟಿನ ಒಳಗಿದ್ದು, ಮೀನುಗಾರರು ಫ್ಯಾನ್ ಎಂದು ಕರೆಯುವ ಪ್ರೊಪೆಲ್ಲರ್ ಹೊರಗೆ ನೀರಿನಲ್ಲಿರುತ್ತದೆ. ಇವೆರಡನ್ನು ಜೋಡಿಸುವ ಶಾಫ್ಟ್ ಬೋಟಿನ ಹಿಂಬದಿಯ ತಳವನ್ನು ತೂರಿ ಹೊರಹೋಗಬೇಕಾಗಿರುವುದರಿಂದ, ಎಷ್ಟೇ ಗಟ್ಟಿಯಾಗಿ ಕಟ್ಟಿದ ಬೋಟಿನಲ್ಲೂ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ರಂಧ್ರ ಇದ್ದೇ ಇರುತ್ತದೆ. ಆ ರಂಧ್ರದ ಮೂಲಕ ಸಮುದ್ರದ ನೀರು ಒಳಬಾರದಂತೆ ತಡೆಯುವುದು ಸೀಲ್. ತಿರುಗುವ ಶಾಫ್ಟ್ ಅಲುಗಾಡದಂತೆ ಹಿಡಿದಿಡುವುದು ಬೇರಿಂಗ್. ಇವೆರಡೂ ಸವೆಯುವ ಭಾಗಗಳಾಗಿದ್ದು, ಕಾಲಕಾಲಕ್ಕೆ ಬದಲಿಸಬೇಕಾಗಿರುತ್ತದೆ. ಬೋಟು ಮಾಲೀಕರು, ತಾಂಡೇಲರು ಹಾಗೂ ಪರವಾನಗಿ ಮತ್ತು ವಿಮೆ ಸಂಬಂಧಿತ ಅರ್ಜಿ ಸಲ್ಲಿಸುವವರ ಉಪಯೋಗಕ್ಕಾಗಿ ಈ ಕೆಲಸದ ವಿವರಗಳನ್ನು ಕೆಳಗೆ ನೀಡಲಾಗಿದೆ.

ಕೆಲಸಕ್ಕೆ ಸೂಕ್ತವಾದ ಕಾಲ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಮಳೆಗಾಲದ ನಿಷೇಧವಿರುತ್ತದೆ. ಬೋಟನ್ನು ಮೇಲಕ್ಕೆ ಎಳೆದು ತಳ ಕೆರೆದು ಬಣ್ಣ ಬಳಿಯುವುದು ಸಾಮಾನ್ಯವಾಗಿ ಈ ಅವಧಿಯಲ್ಲೇ. ಸ್ಟರ್ನ್ ಟ್ಯೂಬಿನ ಬೇರಿಂಗ್ ನೀರಿನೊಳಗೆ ಇರುವ ಭಾಗವಾದ್ದರಿಂದ ಬೋಟು ನೆಲದ ಮೇಲಿದ್ದಾಗ ಮಾತ್ರ ಅದನ್ನು ಸರಿಯಾಗಿ ಅಳೆಯಲು ಹಾಗೂ ಬದಲಿಸಲು ಸಾಧ್ಯ. ಆದರೆ ಅನೇಕ ಮಾಲೀಕರು ಬಣ್ಣದ ಕೆಲಸವನ್ನು ಜೂನ್‌ನಲ್ಲೇ ಮುಗಿಸಿ, ಶಾಫ್ಟಿನ ಕಡೆ ಗಮನ ಹರಿಸುವುದು ಜುಲೈ ಕೊನೆಯ ವಾರದಲ್ಲಿ. ಆಗ ಎಲ್ಲ ಲೇತ್ ವರ್ಕ್‌ಶಾಪ್‌ಗಳಲ್ಲೂ ಸಾಲು ಇರುತ್ತದೆ, ಅಗತ್ಯ ಅಳತೆಯ ಬೇರಿಂಗ್ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಲು ದಿನಗಳು ಹಿಡಿಯುತ್ತವೆ. ಪರಿಣಾಮವಾಗಿ "ಈ ವರ್ಷ ಹೀಗೇ ನಡೆಯಲಿ" ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಆದ್ದರಿಂದ ಬೋಟನ್ನು ಮೇಲಕ್ಕೆ ಎಳೆದ ಮೊದಲ ದಿನವೇ, ಬಣ್ಣಕ್ಕಿಂತ ಮುಂಚೆ, ಶಾಫ್ಟಿನ ಸವೆತವನ್ನು ಅಳೆಯತಕ್ಕದ್ದು.

ಖರ್ಚಿನ ದೃಷ್ಟಿಯಿಂದಲೂ ಇದನ್ನು ಗಮನಿಸಬೇಕು. ಈ ಕೆಲಸದಲ್ಲಿ ಬೇರಿಂಗಿನ ಬೆಲೆಗಿಂತ ಅದನ್ನು ತಲುಪುವ ಖರ್ಚೇ ದೊಡ್ಡದು. ಬೋಟನ್ನು ಎಳೆಯುವ ವೆಚ್ಚ, ಫ್ಯಾನ್ ಬಿಚ್ಚುವ ಕೂಲಿ, ಕಪ್ಲಿಂಗ್ ಕಳಚಿ ಶಾಫ್ಟ್ ಹೊರತೆಗೆಯುವ ಕೂಲಿ ಇವು ಒಂದು ಭಾಗ ಬದಲಿಸಿದರೂ ಅಷ್ಟೇ, ಎಲ್ಲ ಭಾಗ ಬದಲಿಸಿದರೂ ಅಷ್ಟೇ. ಶಾಫ್ಟನ್ನು ಒಮ್ಮೆ ಹೊರತೆಗೆದ ಮೇಲೆ ಅರ್ಧ ಸವೆದ ಬೇರಿಂಗನ್ನು ಮರಳಿ ಜೋಡಿಸುವುದು ಉಳಿತಾಯವಾಗುವುದಿಲ್ಲ. ಬದಲಿಗೆ ಅದೇ ಖರ್ಚನ್ನು ಮೀನುಗಾರಿಕೆಯ ಋತುವಿನ ಮಧ್ಯದಲ್ಲಿ ಮತ್ತೊಮ್ಮೆ ಭರಿಸಬೇಕಾಗುತ್ತದೆ, ಅದರ ಜೊತೆಗೆ ಬೋಟು ನಿಂತ ದಿನಗಳ ಆದಾಯವೂ ನಷ್ಟವಾಗುತ್ತದೆ.

ವ್ಯವಸ್ಥೆಯ ಸ್ವರೂಪ

ಗೇರ್‌ಬಾಕ್ಸಿನ ಹಿಂದಿನ ಕಪ್ಲಿಂಗ್‌ನಿಂದ ಹೊರಡುವ ಶಾಫ್ಟ್, ಬೋಟಿನ ತಳಕ್ಕೆ ಭದ್ರವಾಗಿ ಕೂರಿಸಿದ ಸ್ಟರ್ನ್ ಟ್ಯೂಬ್ ಎಂಬ ಕೊಳವೆಯ ಮೂಲಕ ಹೊರಬರುತ್ತದೆ. ಕೊಳವೆಯ ಒಳತುದಿಯಲ್ಲಿ, ಅಂದರೆ ಎಂಜಿನ್ ಕೋಣೆಯ ಕಡೆಗೆ, ಸ್ಟಫಿಂಗ್ ಬಾಕ್ಸ್ ಇರುತ್ತದೆ. ಇದರೊಳಗೆ ಎಣ್ಣೆ ಅಥವಾ ಗ್ರ್ಯಾಫೈಟ್ ಉಣಿಸಿದ, ಚೌಕಾಕಾರವಾಗಿ ಹೆಣೆದ ಹಗ್ಗದ ಬಳೆಗಳನ್ನು ಶಾಫ್ಟಿನ ಸುತ್ತ ಜೋಡಿಸಿ, ಗ್ಲ್ಯಾಂಡ್ ಎಂಬ ಒತ್ತುಬಳೆಯಿಂದ ಅದುಮಿರುತ್ತಾರೆ. ಇದೇ ಗ್ಲ್ಯಾಂಡ್ ಪ್ಯಾಕಿಂಗ್. ಕೊಳವೆಯ ಹೊರತುದಿಯಲ್ಲಿ, ಫ್ಯಾನಿನ ಮುಂದೆ, ಬೇರಿಂಗ್ ಇರುತ್ತದೆ.

ಹೊರತುದಿಯ ಬೇರಿಂಗ್‌ನಲ್ಲಿ ಎರಡು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಹಿತ್ತಾಳೆಯ ಅಥವಾ ಫೈಬರ್‌ನ ಕವಚದೊಳಗೆ ಉದ್ದುದ್ದ ಗಾಡಿಗಳುಳ್ಳ ರಬ್ಬರ್ ಅಂಟಿಸಿದ ಕಟ್‌ಲೆಸ್ ಬೇರಿಂಗ್. ಇದಕ್ಕೆ ಎಣ್ಣೆಯಾಗಲಿ ಗ್ರೀಸ್ ಆಗಲಿ ಬೇಕಿಲ್ಲ, ಗಾಡಿಗಳಲ್ಲಿ ಹರಿಯುವ ನೀರೇ ಜಾರುಕವಾಗಿ ಕೆಲಸ ಮಾಡುತ್ತದೆ. ನೀರನ್ನೇ ಜಾರುಕವಾಗಿ ಬಳಸುವ ಕ್ರಮ ಹೊಸದಲ್ಲ. 1854ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಪೆನ್ ಅವರು ಲಿಗ್ನಮ್ ವೀಟೆ ಎಂಬ ಅತಿ ಗಟ್ಟಿಯಾದ ಮರದ ಪಟ್ಟಿಗಳನ್ನು ಬಳಸಿ ಇಂತಹ ಬೇರಿಂಗಿಗೆ ಪೇಟೆಂಟ್ ಪಡೆದಿದ್ದರು. ಎರಡನೆಯ ಬಗೆ ಗನ್‌ಮೆಟಲ್ ಬುಷ್. ಇದಕ್ಕೆ ಗ್ರೀಸ್ ಕಪ್ ಅಥವಾ ಗ್ರೀಸ್ ಪಂಪಿನ ಮೂಲಕ ನಿಯಮಿತವಾಗಿ ಗ್ರೀಸ್ ತುಂಬಬೇಕು. ಇಂತಹ ಕೆಲವು ಬೋಟುಗಳಲ್ಲಿ ಪ್ಯಾಕಿಂಗಿನ ಬದಲು ಎರಡೂ ತುದಿಗಳಲ್ಲಿ ರಬ್ಬರ್ ತುಟಿಯ ಆಯಿಲ್ ಸೀಲ್‌ಗಳಿರುತ್ತವೆ. ತಮ್ಮ ಬೋಟಿನಲ್ಲಿರುವುದು ಯಾವ ಬಗೆ ಎಂಬುದನ್ನು ತಿಳಿಯದೆ ಸಾಮಗ್ರಿ ಖರೀದಿಸಬಾರದು.

ಸವೆತಕ್ಕೆ ಕಾರಣಗಳು

ಮರಳು ಮತ್ತು ಕೆಸರು ಮುಖ್ಯ ಕಾರಣಗಳು. ನಮ್ಮ ಕರಾವಳಿಯ ಬಹುತೇಕ ಬೋಟುಗಳು ನದಿಯ ಅಳಿವೆಗಳ ಮೂಲಕವೇ ಹೋಗಿಬರುತ್ತವೆ. ಗುರುಪುರ ನದಿಯ ದಡದ ಮಂಗಳೂರು ಧಕ್ಕೆ, ಪಂಚಗಂಗಾವಳಿ ತೀರದ ಗಂಗೊಳ್ಳಿ, ಶರಾವತಿ ಅಳಿವೆಯ ಹೊನ್ನಾವರ ಇವೆಲ್ಲ ಇದಕ್ಕೆ ಉದಾಹರಣೆಗಳು. ಹೂಳು ತುಂಬಿದ ಅಳಿವೆಯಲ್ಲಿ ಇಳಿತದ ವೇಳೆ ಸಾಗುವಾಗ ಫ್ಯಾನ್ ತಳದ ಮರಳನ್ನು ಎಬ್ಬಿಸುತ್ತದೆ, ಅದು ನೇರವಾಗಿ ಬೇರಿಂಗಿನೊಳಗೆ ಹೋಗುತ್ತದೆ. ರಬ್ಬರ್ ಬೇರಿಂಗ್ ಈ ಕಣಗಳನ್ನು ಗಾಡಿಗಳ ಮೂಲಕ ಹೊರತಳ್ಳುವ ಗುಣ ಹೊಂದಿದೆಯಾದರೂ, ಅದಕ್ಕೂ ಮಿತಿಯಿದೆ.

ಎರಡನೆಯ ಕಾರಣ ಬಲೆಯ ನೂಲು. ಫ್ಯಾನಿಗೆ ಸಿಲುಕಿದ ಬಲೆ ಅಥವಾ ಹಗ್ಗವನ್ನು ಕತ್ತರಿಸಿ ಬಿಡಿಸಿದ ಮೇಲೂ ಸಣ್ಣ ನೈಲಾನ್ ನೂಲು ಫ್ಯಾನ್ ಮತ್ತು ಬೇರಿಂಗ್ ನಡುವೆ ಸುತ್ತಿಕೊಂಡು ಉಳಿಯುತ್ತದೆ. ಘರ್ಷಣೆಯ ಬಿಸಿಗೆ ಅದು ಕರಗಿ ಗಟ್ಟಿಯಾದ ಉಂಗುರವಾಗಿ ಸೀಲಿನ ತುಟಿಯನ್ನು ಕತ್ತರಿಸುತ್ತದೆ ಮತ್ತು ಬೇರಿಂಗಿಗೆ ನೀರು ಹೋಗುವ ದಾರಿಯನ್ನು ಮುಚ್ಚುತ್ತದೆ. ಬಾಗಿದ ರೆಕ್ಕೆಯ ಫ್ಯಾನ್, ಬಾಗಿದ ಶಾಫ್ಟ್ ಹಾಗೂ ನೇರ ತಪ್ಪಿದ ಎಂಜಿನ್ ಸಹ ಬೇರಿಂಗನ್ನು ತಿನ್ನುತ್ತವೆ. ಈ ಮೂರರಲ್ಲಿ ಯಾವುದಾದರೂ ಇದ್ದಲ್ಲಿ ಹೊಸ ಬೇರಿಂಗ್ ಸಹ ಒಂದೇ ಋತುವಿನಲ್ಲಿ ಹಾಳಾಗುತ್ತದೆ.

ಹನಿಯನ್ನು ಗಮನಿಸುವುದು

ಗ್ಲ್ಯಾಂಡ್ ಪ್ಯಾಕಿಂಗ್ ಇರುವ ಬೋಟಿನಲ್ಲಿ ಶಾಫ್ಟ್ ತಿರುಗುವಾಗ ಸ್ವಲ್ಪ ನೀರು ತೊಟ್ಟಿಕ್ಕುವುದು ದೋಷವಲ್ಲ. ಅದು ಅಗತ್ಯ. ಆ ನೀರೇ ಪ್ಯಾಕಿಂಗನ್ನು ತಣ್ಣಗಿಡುತ್ತದೆ. ಎಂಜಿನ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬಿದ್ದು, ನಿಂತಾಗ ಹೆಚ್ಚುಕಡಿಮೆ ನಿಲ್ಲುವುದು ಸರಿಯಾದ ಸ್ಥಿತಿ. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ಇಡೀ ದಿನಕ್ಕೆ ಆಗುವುದು ಸುಮಾರು 4 ಲೀಟರ್ ಮಾತ್ರ. ಇದರಿಂದ ಬೋಟಿಗೆ ತಕ್ಷಣದ ಅಪಾಯವಿಲ್ಲ. ಆದರೆ ಹನಿಗಳು ಸೇರಿ ಧಾರೆಯಾದಾಗ ಲೆಕ್ಕ ಬೇರೆಯೇ ಆಗುತ್ತದೆ. ನೀರಿನ ಮಟ್ಟಕ್ಕಿಂತ 1 ಮೀಟರ್ ಕೆಳಗಿರುವ 25 ಮಿ.ಮೀ. ವ್ಯಾಸದ ರಂಧ್ರದಿಂದ ನಿಮಿಷಕ್ಕೆ 75 ರಿಂದ 80 ಲೀಟರ್, ಅಂದರೆ ಗಂಟೆಗೆ ನಾಲ್ಕೂವರೆ ಟನ್‌ನಷ್ಟು ನೀರು ಒಳನುಗ್ಗುತ್ತದೆ. ಪ್ಯಾಕಿಂಗ್ ಸಂಪೂರ್ಣ ಕಿತ್ತುಬಂದ ಸ್ಟಫಿಂಗ್ ಬಾಕ್ಸಿನಲ್ಲಿ ಶಾಫ್ಟಿನ ಸುತ್ತ ಉಳಿಯುವ ಜಾಗ ಇದಕ್ಕಿಂತಲೂ ದೊಡ್ಡದು.

ತಾನೇ ಚಾಲೂ ಆಗುವ ಬಿಲ್ಜ್ ಪಂಪ್ ಅಳವಡಿಸಿದ ಬೋಟುಗಳಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಪಂಪ್ ನೀರನ್ನು ಹೊರಹಾಕುತ್ತಲೇ ಇರುವುದರಿಂದ ಸೋರಿಕೆ ಹೆಚ್ಚಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಬ್ಯಾಟರಿ ಇಳಿದ ದಿನ ಅದು ಒಮ್ಮೆಲೇ ತಿಳಿಯುತ್ತದೆ. ಪಂಪ್ ದಿನಕ್ಕೆ ಎಷ್ಟು ಬಾರಿ ಚಾಲೂ ಆಗುತ್ತದೆ ಎಂಬುದನ್ನು ತಾಂಡೇಲರು ಗಮನಿಸುತ್ತಿರಬೇಕು.

ಗ್ಲ್ಯಾಂಡ್ ಬಿಗಿಗೊಳಿಸುವುದು ದುರಸ್ತಿಯಲ್ಲ

ಸೋರಿಕೆ ಹೆಚ್ಚಾದಾಗ ಸ್ಪ್ಯಾನರ್ ತೆಗೆದುಕೊಂಡು ಗ್ಲ್ಯಾಂಡ್ ನಟ್ಟುಗಳನ್ನು ಬಿಗಿಗೊಳಿಸುವುದು ರೂಢಿ. ಪ್ಯಾಕಿಂಗ್ ಸ್ವಲ್ಪ ಕುಗ್ಗಿದ್ದರೆ ಇದು ಸರಿಯಾದ ಕ್ರಮವೇ. ಆದರೆ ಸೋರಿಕೆಯ ಮೂಲ ಹೊರತುದಿಯ ಬೇರಿಂಗ್ ಆಗಿದ್ದಲ್ಲಿ ಬಿಗಿಗೊಳಿಸಿದಷ್ಟೂ ಹಾನಿ ಹೆಚ್ಚು. ಬೇರಿಂಗ್ ಸವೆದ ಮೇಲೆ ಶಾಫ್ಟ್ ತಿರುಗುವಾಗ ಅತ್ತಿತ್ತ ಬಡಿಯುತ್ತದೆ, ಆ ಬಡಿತ ಪ್ಯಾಕಿಂಗನ್ನು ಒಂದು ಬದಿಗೆ ಒತ್ತಿ ದಾರಿ ಮಾಡಿಕೊಡುತ್ತದೆ. ಬಿಗಿಗೊಳಿಸಿದರೆ ಒಂದೆರಡು ದಿನ ನಿಂತು ಮತ್ತೆ ಸೋರುತ್ತದೆ. ಮತ್ತೆ ಬಿಗಿಗೊಳಿಸಲಾಗುತ್ತದೆ. ನೀರು ಸಂಪೂರ್ಣ ನಿಂತ ಪ್ಯಾಕಿಂಗ್ ಕಾದು ಸುಟ್ಟು ಕಲ್ಲಿನಂತಾಗಿ ಶಾಫ್ಟಿನ ಮೇಲೆ ಗಾಡಿ ಕೊರೆಯುತ್ತದೆ. ಕೆಲವು ನೂರು ರೂಪಾಯಿಗಳ ಹಗ್ಗದಿಂದ ಮುಗಿಯಬಹುದಾಗಿದ್ದ ಕೆಲಸ ಶಾಫ್ಟನ್ನೇ ಬದಲಿಸುವ ಹಂತಕ್ಕೆ ಬರುವುದು ಹೀಗೆ.

ಆದ್ದರಿಂದ ಒಂದು ಸರಳ ನಿಯಮವನ್ನು ಪಾಲಿಸಬಹುದು. ಗ್ಲ್ಯಾಂಡನ್ನು ಪದೇಪದೇ ಬಿಗಿಗೊಳಿಸಬೇಕಾಗಿ ಬರುತ್ತಿದ್ದರೆ, ಬಿಗಿಗೊಳಿಸಿದ ನಂತರ ಸ್ಟಫಿಂಗ್ ಬಾಕ್ಸನ್ನು ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ, ಅಥವಾ ಎಂಜಿನ್ ವೇಗ ಹೆಚ್ಚಿಸಿದಾಗ ಬೋಟಿನ ಹಿಂಬದಿಯಲ್ಲಿ ನಡುಕ ಮತ್ತು ಗುಡುಗುಟ್ಟುವ ಸದ್ದು ಬರುತ್ತಿದ್ದರೆ ದೋಷ ಪ್ಯಾಕಿಂಗಿನದಲ್ಲ ಎಂದು ತಿಳಿದು ಮುಂದಿನ ಪರೀಕ್ಷೆಗೆ ಬೋಟನ್ನು ಮೇಲಕ್ಕೆ ಎಳೆಯಬೇಕು.

ಸವೆತದ ಅಳತೆ

ಬೋಟನ್ನು ಮೇಲಕ್ಕೆ ಎಳೆದು ಎರಡೂ ಬದಿ ಭದ್ರವಾಗಿ ಆಧಾರ ಕೊಟ್ಟ ನಂತರ ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಫ್ಯಾನಿನ ಬಳಿ ಜನ ಕೆಲಸ ಮಾಡುತ್ತಿರುವಾಗ ಎಂಜಿನ್ ಚಾಲೂ ಆಗುವ ಸಾಧ್ಯತೆಯೇ ಇರಬಾರದು. ಅನಂತರ ಫ್ಯಾನನ್ನು ಕೈಯಿಂದ ಅಥವಾ ಮರದ ಸನ್ನೆಯಿಂದ ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಎತ್ತಿ ನೋಡಬೇಕು. ಶಾಫ್ಟ್ ಮತ್ತು ಬೇರಿಂಗ್ ನಡುವಿನ ಅಂತರವನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ಕಣ್ಣಂದಾಜು ಸಾಲದು. ಸಣ್ಣ ಶಾಫ್ಟುಗಳಲ್ಲಿ ಅಲುಗಾಟ ಒಂದೂವರೆ ಮಿಲಿಮೀಟರ್ ದಾಟಿದ್ದರೆ ರಬ್ಬರ್ ಬೇರಿಂಗ್ ಬದಲಿಸುವುದು ವಾಡಿಕೆ. ಖಚಿತವಾದ ಮಿತಿ ಶಾಫ್ಟಿನ ವ್ಯಾಸವನ್ನು ಅವಲಂಬಿಸಿರುವುದರಿಂದ ತಯಾರಕರು ನೀಡಿದ ಅಂಕಿಯನ್ನೇ ಅನುಸರಿಸತಕ್ಕದ್ದು. ಅಲುಗಾಟ ಕಡಿಮೆಯಿದ್ದರೂ ರಬ್ಬರ್ ಕವಚದಿಂದ ಎದ್ದಿದ್ದರೆ, ಚೂರು ಕಿತ್ತುಬಂದಿದ್ದರೆ ಅಥವಾ ಕೆಳಬದಿಯ ಗಾಡಿಗಳು ಸವೆದು ಮಾಯವಾಗಿದ್ದರೆ ಬದಲಿಸಲೇಬೇಕು.

ಶಾಫ್ಟನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡುವುದೂ ಮುಖ್ಯ. ಫ್ಯಾನಿನ ತಳ್ಳುವ ಬಲವನ್ನು ತಡೆಯುವುದು ಗೇರ್‌ಬಾಕ್ಸಿನೊಳಗಿನ ಥ್ರಸ್ಟ್ ಬೇರಿಂಗ್. ಉದ್ದುದ್ದಕ್ಕೆ ಗಮನಾರ್ಹ ಅಲುಗಾಟ ಕಂಡುಬಂದರೆ ದೋಷ ಸ್ಟರ್ನ್ ಟ್ಯೂಬಿನಲ್ಲಿಲ್ಲ, ಗೇರ್‌ಬಾಕ್ಸ್ ಅಥವಾ ಕಪ್ಲಿಂಗ್‌ನಲ್ಲಿದೆ.

ಹಳೆಯ ಬೇರಿಂಗ್ ತೆಗೆಯುವುದು

ಫ್ಯಾನ್ ಬಿಚ್ಚುವಾಗ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ ಬಿಟ್ಟು, ಪುಲ್ಲರ್ ಹಾಕಿ ಎಳೆಯಬೇಕು. ಇಳಿಜಾರು ಭಾಗದಿಂದ ಕಳಚಿದ ಫ್ಯಾನ್ ಹಠಾತ್ತಾಗಿ ಹಾರಿ ಕೆಲಸಗಾರರಿಗೆ ಪೆಟ್ಟಾಗದಂತೆ ಆ ನಟ್ಟು ತಡೆಯುತ್ತದೆ. ಕೆಲವು ಬೋಟುಗಳಲ್ಲಿ ಶಾಫ್ಟ್ ಹಿಂದಕ್ಕೆ ಬರಲು ಚುಕ್ಕಾಣಿ ಅಡ್ಡವಿರುತ್ತದೆ, ಅಂತಹಲ್ಲಿ ಮೊದಲು ಚುಕ್ಕಾಣಿಯನ್ನು ಇಳಿಸಬೇಕಾಗುತ್ತದೆ.

ಹೊರತೆಗೆದ ಶಾಫ್ಟನ್ನು ಲೇತ್‌ಗೆ ಕಳುಹಿಸಿ ಡಯಲ್ ಗೇಜ್‌ನಿಂದ ಬಾಗು ಪರೀಕ್ಷಿಸಬೇಕು. ಪ್ಯಾಕಿಂಗ್ ಮತ್ತು ಬೇರಿಂಗ್ ಕೂರುವ ಭಾಗಗಳಲ್ಲಿ ಉಗುರಿಗೆ ಸಿಗುವಷ್ಟು ಗಾಡಿ ಇದ್ದರೆ ಅದು ಹೊಸ ಪ್ಯಾಕಿಂಗನ್ನು ತಿಂಗಳೊಳಗೆ ಕತ್ತರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್‌ಗಳಲ್ಲಿ ಮತ್ತೊಂದು ದೋಷ ಕಾಣಬಹುದು. ಗಾಳಿಯಾಡದ, ನಿಂತ ನೀರಿನ ಸಂದುಗಳಲ್ಲಿ ಈ ಲೋಹ ಸೂಜಿ ಚುಚ್ಚಿದಂತೆ ಸಣ್ಣ ಕುಳಿಗಳಾಗಿ ತುಕ್ಕು ಹಿಡಿಯುತ್ತದೆ. ಮೇಲ್ನೋಟಕ್ಕೆ ಚಿಕ್ಕದಾಗಿ ಕಂಡರೂ ಕುಳಿ ಆಳವಾಗಿರಬಹುದು. ಎರಡು ತಿಂಗಳು ನೀರಿನಲ್ಲೇ ಕಟ್ಟಿಹಾಕಿ ಶಾಫ್ಟ್ ತಿರುಗಿಸದೆ ಬಿಟ್ಟ ಬೋಟುಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ನೀರಿನಲ್ಲೇ ಇರುವ ಬೋಟಿನ ಶಾಫ್ಟನ್ನು ವಾರಕ್ಕೊಮ್ಮೆಯಾದರೂ ಕೈಯಿಂದ ಕೆಲವು ಸುತ್ತು ತಿರುಗಿಸುವುದು ಒಳ್ಳೆಯ ಪದ್ಧತಿ.

ಹಳೆಯ ಬೇರಿಂಗನ್ನು ಹಿಡಿದಿರುವ ಸಣ್ಣ ಸೆಟ್ ಸ್ಕ್ರೂಗಳನ್ನು ಹುಡುಕಿ ಸಡಿಲಿಸಿದ ನಂತರವೇ ಪುಲ್ಲರ್ ಬಳಸಬೇಕು. ಬಣ್ಣದ ಹಲವು ಪದರಗಳಡಿ ಇವು ಕಾಣದಿರುವುದರಿಂದ ಮರೆತು ಎಳೆದು ಹೌಸಿಂಗ್ ಸೀಳಿಕೊಳ್ಳುವುದುಂಟು. ಕವಚ ಗಟ್ಟಿಯಾಗಿ ಕೂತಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಉದ್ದಕ್ಕೆ ಒಂದೆರಡು ಕಡೆ ಕವಚವನ್ನಷ್ಟೇ ಕೊಯ್ದು ಒಳಕ್ಕೆ ಮಡಚಿ ತೆಗೆಯಬೇಕು. ಬ್ಲೇಡ್ ಹೊರಗಿನ ಹೌಸಿಂಗಿಗೆ ತಾಗಬಾರದು. ಗ್ಯಾಸ್ ಕಟರ್‌ನಿಂದ ರಬ್ಬರ್ ಸುಟ್ಟು ಬೇರಿಂಗ್ ತೆಗೆಯುವುದು ವೇಗದ ದಾರಿಯೆನಿಸಿದರೂ ಮರದ ಮತ್ತು ಫೈಬರ್ ಬೋಟುಗಳಲ್ಲಿ ಬೆಂಕಿಗೆ ನೇರ ಆಹ್ವಾನ. ಉಕ್ಕಿನ ಬೋಟಿನಲ್ಲಿಯೂ ಅದರ ಹೊಗೆ ಆರೋಗ್ಯಕ್ಕೆ ಹಾನಿಕರ.

ಹೊಸ ಬೇರಿಂಗ್ ಕೂರಿಸುವುದು

ಹೊಸ ಬೇರಿಂಗ್ ಖರೀದಿಸುವಾಗ ಮೂರು ಅಳತೆ ಬೇಕು: ಶಾಫ್ಟಿನ ವ್ಯಾಸ, ಕವಚದ ಹೊರವ್ಯಾಸ ಮತ್ತು ಉದ್ದ. ರಬ್ಬರ್ ಬೇರಿಂಗಿನ ಉದ್ದ ಸಾಮಾನ್ಯವಾಗಿ ಶಾಫ್ಟ್ ವ್ಯಾಸದ ನಾಲ್ಕು ಪಟ್ಟು ಇರುತ್ತದೆ. ಉದ್ದನೆಯದು ಸಿಗಲಿಲ್ಲವೆಂದು ಗಿಡ್ಡ ಬೇರಿಂಗ್ ಹಾಕಿಸುವುದು ಸರಿಯಲ್ಲ. ಶಾಫ್ಟಿನ ವ್ಯಾಸವನ್ನು ಹಳೆಯ ಬಿಲ್ಲಿನಿಂದ ನೋಡಿ ಹೇಳದೆ, ಶಾಫ್ಟ್ ಮೇಲೆಯೇ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಹಿಂದೆ ಯಾವಾಗಲೋ ಲೇತ್‌ನಲ್ಲಿ ಕೊರೆಸಿ ತೆಳುವಾದ ಶಾಫ್ಟ್‌ಗಳು ಅನೇಕ.

ಬೇರಿಂಗನ್ನು ಕಬ್ಬಿಣದ ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಅಂಚು ಮಡಚಿಕೊಂಡು ಶಾಫ್ಟನ್ನು ಕಚ್ಚುತ್ತದೆ. ಉದ್ದನೆಯ ಬೋಲ್ಟ್, ವಾಷರ್ ಮತ್ತು ನಟ್ಟು ಬಳಸಿ ನಿಧಾನವಾಗಿ ಎಳೆದು ಕೂರಿಸುವುದು ಉತ್ತಮ. ಇಲ್ಲಿ ಮೀನುಗಾರಿಕಾ ಬಂದರಿನಲ್ಲಿ ಸುಲಭವಾಗಿ ಸಿಗುವ ಸಾಮಗ್ರಿಯೊಂದು ನೆರವಾಗುತ್ತದೆ, ಅದು ಮಂಜುಗಡ್ಡೆ. ಪುಡಿ ಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆಸಿ ಅದರಲ್ಲಿ ಬೇರಿಂಗನ್ನು ಕೆಲವು ಗಂಟೆ ಹೂತಿಟ್ಟರೆ ಹಿತ್ತಾಳೆ ಕವಚ ಕುಗ್ಗುತ್ತದೆ. 75 ಮಿ.ಮೀ. ವ್ಯಾಸದ ಕವಚ 40 ಡಿಗ್ರಿಯಷ್ಟು ತಣಿದರೆ 0.05 ಮಿ.ಮೀ.ಗಿಂತ ಹೆಚ್ಚು ಕಿರಿದಾಗುತ್ತದೆ. ಕೈಗೆ ಅತ್ಯಲ್ಪವೆನಿಸಿದರೂ ಬಿಗಿಯಾಗಿ ಕೂರುವ ಭಾಗಕ್ಕೆ ಇದು ದೊಡ್ಡ ಅನುಕೂಲ. ಹೊರತೆಗೆದ ಕೂಡಲೇ ಉಪ್ಪುನೀರು ಒರೆಸಿ ತಡಮಾಡದೆ ಕೂರಿಸಬೇಕು.

ಸೆಟ್ ಸ್ಕ್ರೂ ಕೂರಲು ಕವಚದ ಮೇಲೆ ಸಣ್ಣ ಗುಳಿ ಮಾತ್ರ ಕೊರೆಯಬೇಕು. ಕವಚ ತೂತಾದರೆ ಸ್ಕ್ರೂ ರಬ್ಬರನ್ನು ಒತ್ತಿ ಶಾಫ್ಟಿಗೆ ತಾಗುತ್ತದೆ. ಶಾಫ್ಟನ್ನು ಮರಳಿ ಸೇರಿಸುವಾಗ ರಬ್ಬರಿಗೆ ಸಾಬೂನು ನೀರು ಹಚ್ಚಬೇಕು. ಗ್ರೀಸ್ ಹಚ್ಚಬಾರದು. ಬೇರಿಂಗಿನ ಗಾಡಿಗಳಲ್ಲಿ ಮತ್ತು ನೀರು ಒಳಹೋಗುವ ಕಂಡಿಗಳಲ್ಲಿ ತಳದ ಬಣ್ಣ ತುಂಬಿಕೊಳ್ಳದಂತೆ ನೋಡಿಕೊಳ್ಳುವುದು. ಶಾಫ್ಟಿನ ಹೊರಗೆ ಬ್ರಾಕೆಟ್ ಬೇರಿಂಗ್ ಇರುವಲ್ಲಿ ಬೇರಿಂಗ್ ಮತ್ತು ಫ್ಯಾನಿನ ಗುಂಬದ ನಡುವಿನ ಅಂತರ ಶಾಫ್ಟಿನ ಒಂದು ವ್ಯಾಸಕ್ಕಿಂತ ಹೆಚ್ಚಿರಬಾರದು. ಜಿಂಕ್ ಗಟ್ಟಿಗಳ ಮೇಲೆ ಬಣ್ಣ ಬಳಿಯಬಾರದು.

ಅತಿ ಮುಖ್ಯವಾದ ಮುನ್ನೆಚ್ಚರಿಕೆಯೆಂದರೆ, ರಬ್ಬರ್ ಬೇರಿಂಗ್ ಇರುವ ಬೋಟು ನೆಲದ ಮೇಲಿರುವಾಗ ಎಂಜಿನ್ ಪರೀಕ್ಷೆಗೆಂದು ಗೇರ್ ಹಾಕಿ ಶಾಫ್ಟ್ ತಿರುಗಿಸಬಾರದು. ನೀರಿಲ್ಲದ ರಬ್ಬರ್ ಬಹುಬೇಗ ಸುಟ್ಟುಹೋಗುತ್ತದೆ. ಹೊಸ ಬೇರಿಂಗ್ ಬೋಟು ನೀರಿಗಿಳಿಯುವ ಮುನ್ನವೇ ಹಾಳಾಗುವುದು ಹೆಚ್ಚಾಗಿ ಈ ಕಾರಣದಿಂದ.

ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸುವುದು

ಹಳೆಯ ಪ್ಯಾಕಿಂಗ್ ಮೇಲೆ ಒಂದು ಬಳೆ ಹೊಸದು ಸೇರಿಸಿ ಮುಗಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಗಟ್ಟಿಯಾದ ಹಳೆಯ ಬಳೆಗಳು ಒತ್ತಡವನ್ನು ಒಳಗಿನವರೆಗೆ ತಲುಪಲು ಬಿಡುವುದಿಲ್ಲ. ಸುರುಳಿ ತುದಿಯ ಕೊಕ್ಕೆಯಿಂದ ಎಲ್ಲ ಬಳೆಗಳನ್ನೂ ತೆಗೆದು, ಎಣಿಸಿ, ಬಾಕ್ಸನ್ನು ಸ್ವಚ್ಛಗೊಳಿಸಬೇಕು.

ಹಗ್ಗದ ಅಳತೆಯನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಬಾಕ್ಸಿನ ಒಳವ್ಯಾಸದಿಂದ ಶಾಫ್ಟಿನ ವ್ಯಾಸ ಕಳೆದು ಅರ್ಧ ಮಾಡಿದರೆ ಹಗ್ಗದ ಗಾತ್ರ ಸಿಗುತ್ತದೆ. ಉದಾಹರಣೆಗೆ ಒಳವ್ಯಾಸ 74 ಮಿ.ಮೀ., ಶಾಫ್ಟ್ 50 ಮಿ.ಮೀ. ಇದ್ದರೆ 12 ಮಿ.ಮೀ. ಹಗ್ಗ ಬೇಕು. ಹಗ್ಗವನ್ನು ಶಾಫ್ಟಿನ ಮೇಲೆಯೇ ಸುತ್ತಿ ಹರಿತವಾದ ಚಾಕುವಿನಿಂದ ಒಂದೊಂದು ಬಳೆಯನ್ನೂ ಪ್ರತ್ಯೇಕವಾಗಿ ಕತ್ತರಿಸಬೇಕು. ಒಂದೇ ಉದ್ದದ ಹಗ್ಗವನ್ನು ಸುರುಳಿಯಾಗಿ ಸುತ್ತಿ ತುರುಕಿದರೆ ಆ ಸುರುಳಿಯ ಹಾದಿಯಲ್ಲೇ ನೀರು ಬರುತ್ತದೆ. ಬಳೆಗಳ ಕೂಡು ಒಂದರ ಹಿಂದೆ ಒಂದು ಬಾರದಂತೆ ಸುತ್ತಲೂ ಹಂಚಿ, ಪ್ರತಿ ಬಳೆಯನ್ನೂ ಒಳಗೆ ಒತ್ತಿ ಕೂರಿಸಿದ ಮೇಲೆ ಮುಂದಿನದನ್ನು ಹಾಕಬೇಕು. ಗ್ರೀಸ್ ಅಥವಾ ನೀರು ಬಿಡುವ ಲ್ಯಾಂಟರ್ನ್ ಬಳೆ ಇದ್ದಲ್ಲಿ ಅದು ತೂತಿನ ನೇರಕ್ಕೇ ಬರಬೇಕು.

ಮೊದಲಿಗೆ ನಟ್ಟುಗಳನ್ನು ಕೈಬಿಗಿಯಷ್ಟೇ ಬಿಗಿಗೊಳಿಸುವುದು. ಬೋಟು ನೀರಿಗಿಳಿದು ಶಾಫ್ಟ್ ಓಡತೊಡಗಿದ ಮೇಲೆ ಹನಿ ನೋಡಿಕೊಂಡು ನಟ್ಟಿನ ಒಂದೊಂದು ಮುಖದಷ್ಟೇ, ಎರಡೂ ಬದಿ ಸಮನಾಗಿ ಬಿಗಿಗೊಳಿಸುತ್ತ ಹೋಗಬೇಕು. ಹೊಸ ಪ್ಯಾಕಿಂಗ್ ಮೊದಲ ಕೆಲವು ಗಂಟೆ ಸ್ವಲ್ಪ ಹೆಚ್ಚು ಸೋರುವುದು ಸಹಜ. ಕೊನೆಯಲ್ಲಿ ಲಾಕ್ ನಟ್ ಭದ್ರಪಡಿಸಲು ಮರೆಯಬಾರದು.

ಆಯಿಲ್ ಸೀಲ್ ಇರುವ ಬೋಟುಗಳಲ್ಲಿ ಹಳೆಯ ಸೀಲ್ ತೆಗೆಯುವ ಮೊದಲು ಅದರ ತುಟಿ ಯಾವ ಕಡೆಗಿತ್ತೆಂದು ಗುರುತು ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಸೀಲಿನ ತುಟಿ ತಾನು ತಡೆಯಬೇಕಾದ ದ್ರವದ ಕಡೆಗಿರುತ್ತದೆ. ಹೊರತುದಿಯಲ್ಲಿ ಎರಡು ಸೀಲುಗಳಿದ್ದಲ್ಲಿ ಒಂದು ನೀರನ್ನು, ಇನ್ನೊಂದು ಎಣ್ಣೆ ಅಥವಾ ಗ್ರೀಸನ್ನು ತಡೆಯುವಂತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿರಬಹುದು. ಹೊಸ ಸೀಲನ್ನು ಶಾಫ್ಟಿನ ಕೀಲಿಗಾಡಿಯ ಮೇಲೆ ಹಾಯಿಸುವಾಗ ಅಂಚಿಗೆ ಟೇಪ್ ಸುತ್ತದಿದ್ದರೆ ತುಟಿ ಅಲ್ಲೇ ಸೀಳುತ್ತದೆ.

ನೀರಿಗಿಳಿಸಿದ ನಂತರ ಎಂಜಿನ್ ನೇರ ನೋಡುವುದು

ಕಪ್ಲಿಂಗನ್ನು ಬೋಟು ನೆಲದ ಮೇಲಿರುವಾಗಲೇ ಅಂತಿಮವಾಗಿ ಬಿಗಿದು ಮುಗಿಸಬಾರದು. ಆಧಾರಗಳ ಮೇಲೆ ನಿಂತ ಬೋಟಿನ ಆಕಾರ ಮತ್ತು ನೀರಿನಲ್ಲಿ ತೇಲುವ ಬೋಟಿನ ಆಕಾರ ಒಂದೇ ಆಗಿರುವುದಿಲ್ಲ. ಮರದ ಬೋಟುಗಳಲ್ಲಿ ಈ ವ್ಯತ್ಯಾಸ ಹೆಚ್ಚು. ಬೋಟು ನೀರಿಗಿಳಿದು ಒಂದೆರಡು ದಿನ ಕಳೆದ ಮೇಲೆ ಕಪ್ಲಿಂಗ್ ಬೋಲ್ಟ್‌ಗಳನ್ನು ಸಡಿಲಿಸಿ, ಎರಡು ಮುಖಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಎಡ ಮತ್ತು ಬಲದಲ್ಲಿ ಫೀಲರ್ ಗೇಜ್‌ನಿಂದ ಅಳೆಯಬೇಕು. 150 ಮಿ.ಮೀ. ವ್ಯಾಸದ ಕಪ್ಲಿಂಗ್‌ನಲ್ಲಿ ಈ ಅಳತೆಗಳ ನಡುವಿನ ವ್ಯತ್ಯಾಸ 0.15 ಮಿ.ಮೀ. ಮೀರಬಾರದು. ಅನಂತರ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಹೆಚ್ಚಿನ ಅಂತರ ಅದೇ ಜಾಗದಲ್ಲಿ ಉಳಿದರೆ ಎಂಜಿನ್ ನೇರ ತಪ್ಪಿದೆ. ಶಾಫ್ಟಿನ ಜೊತೆ ಅದೂ ತಿರುಗಿದರೆ ಶಾಫ್ಟ್ ಅಥವಾ ಕಪ್ಲಿಂಗ್ ಬಾಗಿದೆ ಎಂದರ್ಥ.

ಸಮುದ್ರದಲ್ಲಿ ಗ್ಲ್ಯಾಂಡ್ ಕೈಕೊಟ್ಟಾಗ

ಮೊದಲು ಗೇರ್ ನ್ಯೂಟ್ರಲ್‌ಗೆ ತಂದು ಶಾಫ್ಟ್ ನಿಲ್ಲಿಸಬೇಕು. ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಬೇಕು. ಗ್ಲ್ಯಾಂಡ್ ನಟ್ಟುಗಳನ್ನು ಸಮನಾಗಿ ಬಿಗಿಗೊಳಿಸಿ ನೋಡಬೇಕು. ಪ್ಯಾಕಿಂಗ್ ಕಿತ್ತುಬಂದಿದ್ದರೆ ಗ್ರೀಸ್ ಬಳಿದ ಬಟ್ಟೆ ಅಥವಾ ಹತ್ತಿಯ ಹಗ್ಗವನ್ನು ಸಂದಿಗೆ ತುರುಕಿ ಗ್ಲ್ಯಾಂಡ್ ಒತ್ತಬೇಕು. ಹಳೆಯ ಟಯರ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಶಾಫ್ಟ್ ಮತ್ತು ಬಾಕ್ಸ್ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿದರೂ ಧಾರೆ ಕಡಿಮೆಯಾಗುತ್ತದೆ. ಹೀಗೆ ಮಾಡಿದ ಮೇಲೆ ಶಾಫ್ಟ್ ತಿರುಗಿಸಬಾರದು, ಬೇರೆ ಬೋಟಿನಿಂದ ಎಳೆಸಿಕೊಂಡು ಬರಬೇಕು. ಪಂಪ್ ನೀರನ್ನು ಹಿಮ್ಮೆಟ್ಟಿಸುತ್ತಿಲ್ಲವೆಂದು ಕಂಡ ಕೂಡಲೇ ವಿ.ಎಚ್.ಎಫ್. 16ನೇ ಚಾನೆಲ್‌ನಲ್ಲಿ ಕರೆ ನೀಡಬೇಕು. ಭಾರತೀಯ ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093. ಕರೆಯನ್ನು ಎಂಜಿನ್ ಮತ್ತು ಬ್ಯಾಟರಿಗಳು ನೀರಿನಲ್ಲಿ ಮುಳುಗುವ ಮೊದಲೇ ಮಾಡತಕ್ಕದ್ದು.

ಸ್ಟರ್ನ್ ಡ್ರೈವ್ ಮತ್ತು ಔಟ್‌ಬೋರ್ಡ್ ಎಂಜಿನ್‌ಗಳು

ಪ್ರವಾಸಿಗರನ್ನು ಒಯ್ಯುವ ಕೆಲವು ವೇಗದ ದೋಣಿಗಳಲ್ಲಿ ಎಂಜಿನ್ ಒಳಗೂ, ಗೇರ್ ಮತ್ತು ಫ್ಯಾನ್ ಸೇರಿದ ಚಾಲನಾ ಘಟಕ ಹಿಂಬದಿ ಹಲಗೆಯ ಹೊರಗೂ ಇರುವ ಸ್ಟರ್ನ್ ಡ್ರೈವ್ ವ್ಯವಸ್ಥೆ ಇರುತ್ತದೆ. 1959ರಲ್ಲಿ ಸ್ವೀಡನ್ನಿನ ವೋಲ್ವೋ ಪೆಂಟಾ ಇದನ್ನು ಮಾರುಕಟ್ಟೆಗೆ ಪರಿಚಯಿಸಿತು. ಇಲ್ಲಿ ನೀರನ್ನು ತಡೆಯುವುದು ಮಡಿಕೆ ಮಡಿಕೆಯಾದ ರಬ್ಬರ್ ತೋಳು, ಅಂದರೆ ಬೆಲ್ಲೋಸ್. ಅದು ಬಿರುಕು ಬಿಟ್ಟರೆ ಮೊದಲು ಒಳಗಿನ ಗಿಂಬಲ್ ಬೇರಿಂಗಿಗೆ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ, ದೋಣಿ ತಿರುಗಿಸಿದಾಗ ಗುರ್ ಎಂಬ ಸದ್ದು ಬರುತ್ತದೆ. ಈ ಹಂತದಲ್ಲಿ ಸದ್ದನ್ನು ಕಡೆಗಣಿಸಿದರೆ ನೀರು ದೋಣಿಯೊಳಗೇ ಬರುತ್ತದೆ. ಬೆಲ್ಲೋಸ್, ಗಿಂಬಲ್ ಬೇರಿಂಗ್ ಮತ್ತು ಯು-ಜಾಯಿಂಟ್‌ಗಳನ್ನು ಒಟ್ಟಿಗೆ ಪರೀಕ್ಷಿಸಿ, ಎಂಜಿನ್ ನೇರವನ್ನು ಅದಕ್ಕೆಂದೇ ಇರುವ ಸಲಾಕೆಯಿಂದ ನೋಡಿದ ನಂತರವೇ ಘಟಕವನ್ನು ಮರಳಿ ಜೋಡಿಸಬೇಕು. ಇದು ತರಬೇತಿ ಪಡೆದ ಮೆಕ್ಯಾನಿಕ್‌ಗಳ ಕೆಲಸ. ನದಿ, ಹಿನ್ನೀರುಗಳಲ್ಲಿ ಯಾಂತ್ರಿಕ ದೋಣಿ ನಡೆಸುವವರಿಗೆ 1917ರ ಕಾಯ್ದೆಯ ಬದಲಿಗೆ ಬಂದ ಒಳನಾಡು ಹಡಗುಗಳ ಅಧಿನಿಯಮ, 2021 ಅನ್ವಯಿಸುತ್ತದೆ.

ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಗೇರ್ ಎಣ್ಣೆಯ ಬಣ್ಣವೇ ಸೂಚನೆ. ಕೆಳಗಿನ ತಿರುಪು ಬಿಚ್ಚಿದಾಗ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಹೆಚ್ಚಿನ ಸಂದರ್ಭಗಳಲ್ಲಿ ಫ್ಯಾನ್ ಶಾಫ್ಟಿಗೆ ಸುತ್ತಿದ ನೂಲು ಸೀಲನ್ನು ಕತ್ತರಿಸಿರುತ್ತದೆ. ಎಣ್ಣೆ ಮಾತ್ರ ಬದಲಿಸಿದರೆ ಸಾಲದು, ಸೀಲ್ ಬದಲಿಸಿ ಒತ್ತಡ ಪರೀಕ್ಷೆ ಮಾಡಿಸಬೇಕು.

ವಿಮೆ ಮತ್ತು ದಾಖಲೆಗಳು

ಬೋಟು ಮುಳುಗಿದ ನಂತರ ವಿಮಾ ಪರಿಹಾರ ಕೋರುವ ಅನೇಕರಿಗೆ ಈ ಕೆಳಗಿನ ಅಂಶ ತಡವಾಗಿ ತಿಳಿಯುತ್ತದೆ. ನೌಕಾ ವಿಮಾ ಅಧಿನಿಯಮ, 1963ರ 55ನೇ ಪ್ರಕರಣದಂತೆ, ಪಾಲಿಸಿಯಲ್ಲಿ ಬೇರೆ ರೀತಿ ಹೇಳದ ಹೊರತು, ಸಹಜ ಸವೆತದಿಂದಾದ ನಷ್ಟಕ್ಕೆ ವಿಮಾದಾರರು ಹೊಣೆಯಾಗುವುದಿಲ್ಲ. 41ನೇ ಪ್ರಕರಣದಂತೆ, ನಿರ್ದಿಷ್ಟ ಅವಧಿಯ ಪಾಲಿಸಿಯಲ್ಲಿ ಬೋಟು ಸಮುದ್ರಯಾನಕ್ಕೆ ಯೋಗ್ಯವಲ್ಲವೆಂದು ಮಾಲೀಕರಿಗೆ ತಿಳಿದಿದ್ದೂ ಕಳುಹಿಸಿದ್ದರೆ, ಆ ಅಯೋಗ್ಯತೆಯಿಂದಾದ ನಷ್ಟಕ್ಕೂ ವಿಮಾದಾರರು ಹೊಣೆಯಲ್ಲ. ವರ್ಷಕ್ಕೊಮ್ಮೆ ನವೀಕರಿಸುವ ಬೋಟು ಪಾಲಿಸಿಗಳು ಅವಧಿಯ ಪಾಲಿಸಿಗಳೇ ಆಗಿರುತ್ತವೆ. ಸವೆದ ಬೇರಿಂಗ್ ಎಂದು ಮೆಕ್ಯಾನಿಕ್ ಹೇಳಿದ್ದನ್ನು ಕೇಳಿಯೂ ಬೋಟು ಕಳುಹಿಸಿದ್ದರೆ ಪರಿಹಾರದ ಅರ್ಜಿಯಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ. ಪಾಲಿಸಿಯ ಷರತ್ತುಗಳನ್ನು, ವಿಶೇಷವಾಗಿ ಯಂತ್ರಭಾಗಗಳಿಗೆ ಸಂಬಂಧಿಸಿದ ಹೊರತುಗಳನ್ನು, ನವೀಕರಣಕ್ಕೆ ಹಣ ಕಟ್ಟುವ ಮೊದಲೇ ಓದಿಸಿಕೊಳ್ಳುವುದು ಅಗತ್ಯ.

ಆದುದರಿಂದ ದುರಸ್ತಿಯ ದಾಖಲೆಗಳನ್ನು ಬೋಟಿನ ಕಡತದಲ್ಲಿ ಜೋಪಾನವಾಗಿಡತಕ್ಕದ್ದು. ಬೇರಿಂಗ್ ಮತ್ತು ಸೀಲ್ ಖರೀದಿಯ ಜಿ.ಎಸ್.ಟಿ. ಬಿಲ್ಲು, ಅದರಲ್ಲಿ ಅಳತೆ ಮತ್ತು ಬೋಟಿನ ನೋಂದಣಿ ಸಂಖ್ಯೆ, ವರ್ಕ್‌ಶಾಪಿನ ಕೂಲಿ ಬಿಲ್ಲು, ಕೆಲಸಕ್ಕೆ ಮುನ್ನ ಹಾಗೂ ನಂತರ ಅಳೆದ ಅಂತರದ ಅಂಕಿಗಳು, ದಿನಾಂಕ ಸಹಿತ ಛಾಯಾಚಿತ್ರಗಳು ಇರಲಿ. "ಬೋಟು ರಿಪೇರಿ" ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲಿನಿಂದ ಪರಿಶೀಲನೆಯ ವೇಳೆ ಏನೂ ಸಾಬೀತಾಗುವುದಿಲ್ಲ. ಸೀಲ್ ಮತ್ತು ಬೇರಿಂಗ್ ಬದಲಿಸಿದ ಮಾತ್ರಕ್ಕೆ ನೋಂದಣಿ ಪತ್ರದ ಎಂಜಿನ್ ವಿವರಗಳು ಬದಲಾಗುವುದಿಲ್ಲ. ಎಂಜಿನನ್ನೇ ಬದಲಿಸಿದಲ್ಲಿ ಅದರ ಸಂಖ್ಯೆ ಮತ್ತು ಅಶ್ವಶಕ್ತಿ ಬದಲಾಗುವುದರಿಂದ, ನೋಂದಣಿ ವಿವರಗಳ ತಿದ್ದುಪಡಿಗೆ ಖರೀದಿ ಬಿಲ್ಲಿನೊಂದಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿರುತ್ತದೆ.